ಕಂಜಿ, ಕರು, ಕಂದು: ಬರಹಕ್ಕಿಂತ ಹಿಂದಿನ ಹಟ್ಟಿಯ ಮಾತು

ದನದ ಕರುವಿಗೆ ಪೆರ್ಡೂರಿನಲ್ಲಿ ಒಂದೇ ಹೆಸರಿಲ್ಲ. ತುಳು ಮನೆಮಾತಿನವರಿಗೆ ಅದು ಕಂಜಿ, ಕನ್ನಡದವರಿಗೆ ಕರು, ಕೊಂಕಣಿಯವರಿಗೆ ವಾಸ್ರೂಂ. ಉಡುಪಿಯಿಂದ ಹಿರಿಯಡ್ಕ ದಾಟಿ ಹೆಬ್ರಿಯತ್ತ ಹೋಗುವ ದಾರಿಯ ಈ ಊರಿನಲ್ಲಿ ಮೂರೂ ಪದಗಳು ದಿನಬಳಕೆಯಲ್ಲಿವೆ. ಕಿವಿಗೆ ಮೂರೂ ಬೇರೆ ಬೇರೆಯಾಗಿ ಕೇಳಿಸುತ್ತವೆ. ಆದರೆ ಕಂಜಿ ಮತ್ತು ಕರು ಒಂದೇ ತಾಯಿಪದದ ಮಕ್ಕಳು. ವಾಸ್ರೂಂ ಮಾತ್ರ ಬೇರೆ ಕುಲದ್ದು. ಆ ತಾಯಿಪದವನ್ನು ಯಾವ ಶಾಸನವೂ ಯಾವ ತಾಳೆಗರಿಯೂ ಉಳಿಸಿಕೊಂಡಿಲ್ಲ. ಆದರೂ ಅದರ ರೂಪ ಹೀಗಿತ್ತು ಎಂದು ಭಾಷಾವಿಜ್ಞಾನ ಹೇಳಬಲ್ಲದು. ಹೀಗೆ ಕಟ್ಟಿಕೊಂಡ ಪದದ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕುವುದು ರೂಢಿ. ‘ಇದು ಬರಹದಲ್ಲಿ ಸಿಕ್ಕಿದ್ದಲ್ಲ, ಹೋಲಿಕೆಯಿಂದ ಪಡೆದದ್ದು’ ಎಂಬುದೇ ಆ ಚಿಹ್ನೆಯ ಅರ್ಥ. ಸಾಕುಪ್ರಾಣಿಗಳ ಮರಿಗಳ ಹೆಸರುಗಳು ಈ ವಿಧಾನವನ್ನು ತಿಳಿಯಲು ಒಳ್ಳೆಯ ಸಾಮಗ್ರಿ. ಇವು ಮನೆಯೊಳಗೆ ಬಾಯಿಂದ ಬಾಯಿಗೆ ಉಳಿದು ಬಂದ ಪದಗಳು. ಪಂಡಿತರ ಬರಹ ಇವುಗಳನ್ನು ತಿದ್ದಿದ್ದು ಕಡಿಮೆ.

ಸಾಮಗ್ರಿ ಕೂಡಿದ ಬಗೆ

ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಒಂದು ಕುಟುಂಬವಿದೆ ಎಂಬ ಮಾತನ್ನು ಮದರಾಸಿನ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ ಮುಂದಿಟ್ಟ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟಿಸಿದ ತೌಲನಿಕ ವ್ಯಾಕರಣ ಅದಕ್ಕೆ ವಿಸ್ತಾರವಾದ ಆಧಾರ ಕೊಟ್ಟಿತು. ಹೋಲಿಕೆಗೆ ಬೇಕಾದ ಪದಸಂಪತ್ತನ್ನು ಕರಾವಳಿಯಲ್ಲಿ ಒಟ್ಟುಮಾಡಿದವರಲ್ಲಿ ಬಾಸೆಲ್ ಮಿಷನ್ನಿನವರು ಮುಖ್ಯರು. ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂದವು. ಥಾಮಸ್ ಬರ್ರೋ ಮತ್ತು ಮರ್ರೆ ಎಮೆನೊ ಜೊತೆಯಾಗಿ ಸಿದ್ಧಪಡಿಸಿದ ದ್ರಾವಿಡ ವ್ಯುತ್ಪತ್ತಿ ಕೋಶ 1961ರಲ್ಲಿ, ಅದರ ಪರಿಷ್ಕೃತ ಆವೃತ್ತಿ 1984ರಲ್ಲಿ ಬಂತು. ಒಂದೇ ಮೂಲದವೆಂದು ತೋರುವ ಪದಗಳು ಅಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗುಂಪುಗಳಾಗಿ ಸೇರಿವೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ತುಳು ನಿಘಂಟು, ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ, ಊರೂರಿನ ಮತ್ತು ಸಮುದಾಯಗಳ ತುಳು ರೂಪಗಳನ್ನು ದಾಖಲಿಸಿತು.

ಹೀಗೆ ಸೇರಿಸಿದ ಪದಗಳಲ್ಲಿ ಹೋಲಿಕೆ ಕಾಣುವುದಷ್ಟೇ ಸಾಲದು. ಒಂದು ಭಾಷೆಯ ಒಂದು ಧ್ವನಿಗೆ ಇನ್ನೊಂದು ಭಾಷೆಯಲ್ಲಿ ಮತ್ತೆ ಮತ್ತೆ ಅದೇ ಧ್ವನಿ ಎದುರಾಗಬೇಕು. ಈ ಕ್ರಮಬದ್ಧತೆಯೇ ಪುನರ್ರಚನೆಯ ಅಡಿಪಾಯ.

*ಕನ್ಱು: ದನ ಎಮ್ಮೆಗಳ ಕರು

ತುಳುವಿನ ಕಂಜಿಯನ್ನು ಕನ್ನಡದ ಕಂದು ಎಂಬ ಪದದ ಪಕ್ಕ ಇಡಬಹುದು. ಕಂದು ಎಂದರೆ ಹಳೆಯ ಬಳಕೆಯಲ್ಲಿ ಕರು. ಇಂದು ಅದು ಬಾಳೆಯ ಬುಡದಲ್ಲಿ ಏಳುವ ಮರಿಗಿಡಕ್ಕೆ ಉಳಿದಿದೆ. ಮಗುವನ್ನು ಕರೆಯುವ ‘ಕಂದ’ವೂ ಇದೇ ಗುಂಪಿನದು. ತುಳುವಿನಲ್ಲಿ ‘ಂಜ’ ಇರುವಲ್ಲಿ ಕನ್ನಡದಲ್ಲಿ ‘ಂದ’ ಬರುವುದು ಇಲ್ಲಿ ಮಾತ್ರವಲ್ಲ. ತುಳುವಿನ ಒಂಜಿ ಕನ್ನಡದಲ್ಲಿ ಒಂದು. ತುಳುವಿನ ಪಂಜಿ ಹಳಗನ್ನಡದಲ್ಲಿ ಪಂದಿ, ಇಂದು ಹಂದಿ. ಇದೇ ಪದಗಳಿಗೆ ತಮಿಳಿನಲ್ಲಿ ಒನ್ಱು, ಪನ್ಱಿ, ಕನ್ಱು ಎಂಬ ರೂಪಗಳಿವೆ. ಮಲಯಾಳದಲ್ಲಿ ಒನ್ನು, ಪನ್ನಿ, ಕನ್ನು. ಮೂರು ಪದಗಳು, ನಾಲ್ಕು ಭಾಷೆಗಳು, ಪ್ರತಿ ಸಾಲಿನಲ್ಲೂ ಒಂದೇ ಹೊಂದಾಣಿಕೆ. ಒಂದು, ಹಂದಿ, ಕರು ಎಂಬ ಅರ್ಥಗಳಿಗೆ ತಮ್ಮತಮ್ಮಲ್ಲಿ ಯಾವ ನಂಟೂ ಇಲ್ಲ. ಹಾಗಾಗಿ ಈ ಹೊಂದಾಣಿಕೆ ಆಕಸ್ಮಿಕವಾಗಿರಲು ಸಾಧ್ಯವಿಲ್ಲ.

ಮೂಲದಲ್ಲಿ ಇದ್ದ ಧ್ವನಿ ಯಾವುದು? ಜ, ದ, ನ್ನ, ನ್ಱ ನಾಲ್ಕಕ್ಕೂ ಹೊಂದುವಂತೆ ಒಂದು ಮೂಲವನ್ನು ಊಹಿಸಬೇಕು. ಮೇಲಿನ ಹಲ್ಲುಗಳ ಹಿಂದಿನ ವಸಡಿಗೆ ನಾಲಿಗೆಯ ತುದಿ ತಾಗಿಸಿ ಉಚ್ಚರಿಸುವ ಒಂದು ಸ್ಪರ್ಶ ಧ್ವನಿ ಮೂಲ ದ್ರಾವಿಡದಲ್ಲಿತ್ತು. ಅದು ದಂತ್ಯ ‘ತ’ವೂ ಅಲ್ಲ, ಮೂರ್ಧನ್ಯ ‘ಟ’ವೂ ಅಲ್ಲ. ಹಳಗನ್ನಡ ಲಿಪಿಯ ಶಕಟರೇಫ ‘ಱ’ ಈ ಧ್ವನಿಯ ವಂಶದ್ದೇ. ಅದರ ಹಿಂದೆ ಅನುನಾಸಿಕ ಬಂದಾಗ ತುಳು ಅದನ್ನು ತಾಲವ್ಯದ ಕಡೆಗೆ ಎಳೆದು ‘ಂಜ’ ಮಾಡಿತು. ಕನ್ನಡ ಹಲ್ಲಿನ ಕಡೆಗೆ ತಂದು ‘ಂದ’ ಮಾಡಿತು. ಮಲಯಾಳ ಎರಡೂ ಧ್ವನಿಗಳನ್ನು ಅನುನಾಸಿಕದಲ್ಲೇ ಕರಗಿಸಿತು. ಈ ಎಲ್ಲ ಹಾದಿಗಳನ್ನು ಹಿಮ್ಮುಖವಾಗಿ ಹಿಡಿದರೆ *ಕನ್ಱು ಸಿಗುತ್ತದೆ.

ಹಾಗಾದರೆ ಕರು ಎಲ್ಲಿಂದ ಬಂತು? ಈ ಪದದ ಹಳೆಯ ಬರಹ ಕಱು, ಶಕಟರೇಫದ್ದು. ಇಲ್ಲಿ ಅನುನಾಸಿಕ ಬಿದ್ದುಹೋಗಿದೆ. ಇಂಥದ್ದೇ ಬದಲಾವಣೆ ‘ಮೂರು’ ಎಂಬ ಸಂಖ್ಯೆಯಲ್ಲೂ ಇದೆ: ತಮಿಳಿನಲ್ಲಿ ಮೂನ್ಱು, ಮಲಯಾಳದಲ್ಲಿ ಮೂನ್ನು, ಹಳಗನ್ನಡದಲ್ಲಿ ಮೂಱು, ತುಳುವಿನಲ್ಲಿ ಮೂಜಿ. ನೀಲಗಿರಿಯ ತೋಡ ಮತ್ತು ಕೋತ ಭಾಷೆಗಳಲ್ಲೂ ಕರುವಿನ ಹೆಸರಿನಲ್ಲಿ ಅನುನಾಸಿಕ ಉಳಿದಿಲ್ಲ. ತೋಡದಲ್ಲಿ ಕೊರ್, ಕೋತದಲ್ಲಿ ಕರ್. ಅಂದರೆ ಕನ್ನಡದಲ್ಲಿ ಒಂದೇ ಮೂಲದಿಂದ ಎರಡು ರೂಪಗಳು ಬಂದವು. ಅನುನಾಸಿಕ ಉಳಿಸಿಕೊಂಡ ಕಂದು ಬಾಳೆಯ ತೋಟಕ್ಕೆ, ಕಳೆದುಕೊಂಡ ಕರು ಹಟ್ಟಿಗೆ ಸೇರಿದವು.

ಎರವಲನ್ನು ಗುರುತಿಸುವುದು

ಅಕ್ಕಪಕ್ಕದ ಭಾಷೆಗಳು ಪದಗಳನ್ನು ಕೊಡುಕೊಳ್ಳುತ್ತವೆ. ಎರವಲು ಪದವನ್ನು ವಂಶದ ಪದವೆಂದು ಎಣಿಸಿದರೆ ಪುನರ್ರಚನೆ ಹಾಳಾಗುತ್ತದೆ. ಇದನ್ನು ಬೇರ್ಪಡಿಸಲು ಧ್ವನಿನಿಯಮವೇ ಸಾಧನ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಹವ್ಯಕ ಕನ್ನಡದಲ್ಲಿ ಕರುವಿಗೆ ಕಂಜಿ ಎನ್ನುತ್ತಾರೆ. ಹವ್ಯಕ ಕನ್ನಡದ್ದೇ ಉಪಭಾಷೆ. ಅದರಲ್ಲಿ ಸಂಖ್ಯೆ ‘ಒಂದು’ ಎಂದೇ ಇದೆ, ‘ಒಂಜಿ’ ಎಂದಿಲ್ಲ. ಆದ್ದರಿಂದ ಅಲ್ಲಿನ ಕಂಜಿ ತುಳುವಿನಿಂದ ಬಂದದ್ದು ಎಂಬುದು ‘ಂಜ’ ಒಂದರಿಂದಲೇ ಗೊತ್ತಾಗುತ್ತದೆ.

ತಿರುಗಿ ಕನ್ನಡದಿಂದ ತುಳುವಿಗೆ ಹೋದ ಪದಗಳೂ ಇವೆ. ಒಂಟಿ ಶಕಟರೇಫಕ್ಕೆ ತುಳುವಿನಲ್ಲಿ ಹಲವೆಡೆ ಜ ಅಥವಾ ದ ಬರುತ್ತದೆ. ಹಳಗನ್ನಡದ ಆಱು ತುಳುವಿನಲ್ಲಿ ಆಜಿ, ನೂಱು ತುಳುವಿನಲ್ಲಿ ನೂದು. ಈ ಅಳತೆಯಲ್ಲಿ ನೋಡಿದರೆ ಮಱಿ ಎಂಬ ಪದ ತುಳುವಿನಲ್ಲಿ ಜ ಅಥವಾ ದ ಧ್ವನಿಯೊಂದಿಗೆ ಇರಬೇಕಿತ್ತು. ಆದರೆ ಅಲ್ಲಿ ಇರುವುದು ಮರಿ. ಕನ್ನಡದಲ್ಲಿ ಱ ಮತ್ತು ರ ಒಂದಾದ ಮೇಲೆ ಈ ಪದ ತುಳುವಿಗೆ ದಾಟಿರಬಹುದು ಎಂಬ ಅನುಮಾನಕ್ಕೆ ಇದು ಎಡೆಮಾಡುತ್ತದೆ. ಹೀಗಾಗಿ ಮೂಲರೂಪ ನಿರ್ಣಯಿಸುವಾಗ ತುಳುವಿನ ಮರಿಗೆ ಕಂಜಿಗೆ ಇರುವಷ್ಟು ಸಾಕ್ಷ್ಯದ ಬಲ ಇಲ್ಲ.

ಕೊಂಕಣಿಯ ವಾಸ್ರೂಂ ದ್ರಾವಿಡ ಗುಂಪಿಗೆ ಸೇರುವುದೇ ಇಲ್ಲ. ಮರಾಠಿಯ ವಾಸರೂ, ಹಿಂದಿಯ ಬಛಡಾ ಜೊತೆಗೆ ಅದು ಸಂಸ್ಕೃತದ ವತ್ಸದ ಬಳಗ. ವತ್ಸದ ನಂಟರು ಯುರೋಪಿನಲ್ಲೂ ಇದ್ದಾರೆ. ಲ್ಯಾಟಿನ್ನಿನಲ್ಲಿ ಕರುವಿಗೆ ವಿಟುಲುಸ್ ಎಂಬ ಹೆಸರಿತ್ತು. ಎರಡರ ಹಿಂದೆಯೂ ‘ವರ್ಷ’ ಎಂಬರ್ಥದ ಒಂದು ಇಂಡೋ-ಯುರೋಪಿಯನ್ ಧಾತುವಿದೆ. ವರ್ಷದ ಪ್ರಾಯದ್ದು ಎಂಬುದೇ ಮೂಲ ಅರ್ಥ.

*ಮಱಿ: ಆಡು ಕುರಿಗಳ ಕಡೆಯ ಪದ

ಕನ್ನಡದಲ್ಲಿ ದನ ಎಮ್ಮೆಗಳದ್ದು ಕರು. ಆಡು, ಕುರಿ, ನಾಯಿ, ಬೆಕ್ಕು, ಕೋಳಿಗಳದ್ದು ಮರಿ. ಈ ಎರಡು ಪದಗಳ ನಡುವಿನ ಗಡಿ ಬಹಳ ಹಳೆಯದು. ತಮಿಳಿನ ತೊಲ್ಕಾಪ್ಪಿಯಂನ ಮರಬಿಯಲ್ ಎಂಬ ಅಧ್ಯಾಯ ಎಳೆಯ ಜೀವಿಗಳನ್ನು ಸೂಚಿಸುವ ಒಂಬತ್ತು ಪದಗಳನ್ನು ಎಣಿಸಿ, ಯಾವ ಪ್ರಾಣಿಗೆ ಯಾವುದು ಸಲ್ಲುತ್ತದೆ ಎಂದು ನಿಗದಿ ಮಾಡುತ್ತದೆ. ಕನ್ಱು, ಮಱಿ, ಕುಟ್ಟಿ, ಪಿಳ್ಳೈ, ಕುರುಳೈ ಆ ಪಟ್ಟಿಯಲ್ಲಿವೆ. ಅಲ್ಲಿ ಕನ್ಱು ದನ ಎಮ್ಮೆಗಳಿಗಷ್ಟೇ ಅಲ್ಲದೆ ಆನೆ, ಕುದುರೆ, ಕತ್ತೆಗಳಿಗೂ ಸಲ್ಲುತ್ತದೆ. ಮಱಿ ಆಡು, ಜಿಂಕೆಗಳ ಕಡೆಯದು. ಕನ್ನಡದಲ್ಲಿ ಆನೆಗೆ ಮರಿ, ತಮಿಳಿನಲ್ಲಿ ಆನೆಗೆ ಕನ್ಱು. ಅಂಚಿನ ಪ್ರಾಣಿಗಳ ವಿಷಯದಲ್ಲಿ ಎರಡು ಭಾಷೆಗಳು ಬೇರೆ ದಾರಿ ಹಿಡಿದಿವೆ. ಆದರೆ ದನಕ್ಕೆ ಕನ್ಱು, ಆಡಿಗೆ ಮಱಿ ಎಂಬ ನಡುವಿನ ಭಾಗ ಕದಲಿಲ್ಲ. ಎರಡೂ ಭಾಷೆಗಳು ಒಪ್ಪುವ ಆ ಭಾಗವನ್ನೇ ಮೂಲಕ್ಕೆ ಸಲ್ಲಿಸುವುದು ಸರಿಯಾದ ಕ್ರಮ.

ಮಱಿಯ ಗುಂಪು ಗೋದಾವರಿಯ ಉತ್ತರಕ್ಕೂ ಹಬ್ಬಿದೆ. ಆದರೆ ಅಲ್ಲಿ ಅರ್ಥ ಬದಲಾಗಿದೆ. ಗೊಂಡಿಯಲ್ಲಿ ಮರ್ರಿ ಎಂದರೆ ಮಗ. ಪ್ರಾಣಿಯ ಎಳೆಯದಕ್ಕೂ ಮನುಷ್ಯನ ಎಳೆಯದಕ್ಕೂ ಒಂದೇ ಪದ ಬಳಸುವುದು ದ್ರಾವಿಡ ಭಾಷೆಗಳಲ್ಲಿ ಹೊಸತಲ್ಲ. ಮಲಯಾಳದಲ್ಲಿ ಕುಟ್ಟಿ ಮಗುವೂ ಹೌದು, ಪ್ರಾಣಿಯ ಮರಿಯೂ ಹೌದು. ತೆಲುಗಿನ ಪಿಲ್ಲ ಹುಡುಗಿಗೂ ಬೆಕ್ಕಿನ ಮರಿಗೂ ಸಲ್ಲುತ್ತದೆ. ತೆಲುಗಿನಲ್ಲಿ ಕಂದು ಎಂದರೆ ಹಸುಗೂಸು. ಗಿಡಗಳ ಕಡೆಯೂ ಹೀಗೆಯೇ: ತಮಿಳಿನ ಕನ್ಱು ಸಸಿಗೂ ಹೆಸರು, ಮಲಯಾಳದ ಕನ್ನು ಬಾಳೆಯ ಮರಿಗೂ ಹೆಸರು. ತಾಯಿಯ ಮಗ್ಗುಲಲ್ಲಿ ಹುಟ್ಟಿದ ಎಳೆಯದು ಎಂಬ ವಿಶಾಲ ಅರ್ಥವೊಂದು ಈ ಪದಗಳಲ್ಲೆಲ್ಲ ಕಾಣುತ್ತದೆ. ಹಾಗಿದ್ದೂ *ಕನ್ಱು ಪದಕ್ಕೆ ‘ಕರು’ ಎಂಬ ಅರ್ಥ ಕೊಡಲು ಕಾರಣವಿದೆ. ತಮಿಳು, ಮಲಯಾಳ, ತೋಡ, ಕೋತ, ಕನ್ನಡ, ತುಳು ಆರರಲ್ಲೂ ಈ ಅರ್ಥ ಸಿಗುತ್ತದೆ. ಉಳಿದ ಅರ್ಥಗಳು ಅಲ್ಲೊಂದು ಇಲ್ಲೊಂದು ಸಿಗುತ್ತವೆ.

ಕಡಸು: ಪ್ರಾಯಕ್ಕೆ ತಕ್ಕ ಹೆಸರು

ಹಾಲು ಬಿಟ್ಟ ಕರು ಮುಂದೆ ಹೆಸರು ಬದಲಿಸುತ್ತದೆ. ಇನ್ನೂ ಕರು ಹಾಕದ ಎಳೆಯ ದನ ಅಥವಾ ಎಮ್ಮೆಗೆ ಕನ್ನಡದಲ್ಲಿ ಕಡಸು, ತುಳುವಿನಲ್ಲಿ ಗಡಸ್, ಕೊಡವದಲ್ಲಿ ಕಡಿಚಿ. ತಮಿಳಿನಲ್ಲಿ ಕಿಡಾರಿ ಇದೇ ಅರ್ಥದ್ದು. ಮಲಯಾಳದಲ್ಲಿ ಕಡಚ್ಚಿ, ಕಿಡಾರಿ ಎಂಬ ರೂಪಗಳಿವೆ. ಕಿಡಾವು ಎಂಬುದು ಕರುವಿಗೂ ಮಗುವಿಗೂ ನಿಂತ ಪದ. ಕೋತರು ಇದರ ಸಂಬಂಧಿ ಪದವನ್ನು ಎರಡರಿಂದ ಮೂರು ವರ್ಷದ ಕರುವಿಗೆ ಮಾತ್ರ ಬಳಸುತ್ತಾರೆ. ಎಮ್ಮೆಯನ್ನೇ ನೆಚ್ಚಿದ ತೋಡರ ಭಾಷೆಯಲ್ಲೂ ಕರುಗಳ ಹೆಸರು ಪ್ರಾಯದಿಂದ ಪ್ರಾಯಕ್ಕೆ ಬೇರೆಯಾಗುತ್ತದೆ. ಎಮೆನೊ 1930ರ ದಶಕದಲ್ಲಿ ನೀಲಗಿರಿಯಲ್ಲಿ ಉಳಿದು ನಡೆಸಿದ ಕ್ಷೇತ್ರಕಾರ್ಯದಿಂದ ಇಂಥ ವಿವರಗಳು ದೊರೆತವು. ಪ್ರಾಯದ ಖಚಿತತೆ ಇರುವ ಇಂತಹ ದಾಖಲೆ ಇಲ್ಲದಿದ್ದರೆ ಕಡಸಿನ ಗುಂಪನ್ನು ಕರುವಿನ ಗುಂಪಿನಿಂದ ಬೇರೆ ಮಾಡುವುದು ಕಷ್ಟವಾಗುತ್ತಿತ್ತು.

ಈ ಗುಂಪು ಇನ್ನೂ ದೂರ ಹೋಗುತ್ತದೆ. ಜಾರ್ಖಂಡ್ ಮತ್ತು ಸುತ್ತಲಿನ ಕುರುಖ್ ಭಾಷೆಯಲ್ಲಿ ಎಳೆಯ ಗಂಡು ಎಮ್ಮೆಗೆ ಕಡಾ ಎಂಬ ಹೆಸರಿದೆ. ಭದ್ರಿರಾಜು ಕೃಷ್ಣಮೂರ್ತಿ ದ್ರಾವಿಡ ಕುಟುಂಬವನ್ನು ದಕ್ಷಿಣ, ದಕ್ಷಿಣ-ಮಧ್ಯ, ಮಧ್ಯ, ಉತ್ತರ ಎಂದು ನಾಲ್ಕು ಶಾಖೆಗಳಾಗಿ ವಿಂಗಡಿಸಿದ್ದಾರೆ. ಕುರುಖ್ ಉತ್ತರ ಶಾಖೆಯದು. ಪದವೊಂದು ದಕ್ಷಿಣದಲ್ಲೂ ಉತ್ತರದಲ್ಲೂ ಇದ್ದರೆ ಅದು ಶಾಖೆಗಳು ಒಡೆಯುವ ಮೊದಲಿನದು ಎಂದು ಹೇಳಲು ಅವಕಾಶವಿದೆ. ಆದರೆ ಇಲ್ಲಿ ಒಂದು ತೊಡಕಿದೆ. ಕೊಂಬು ಮೂಡುವ ಪ್ರಾಯದ ಎಮ್ಮೆಗರುವಿಗೆ ಸಂಸ್ಕೃತ ಕೋಶಗಳಲ್ಲಿ ಕಟಾಹ ಎಂಬ ಪದವಿದೆ. ಕುರುಖ್ ಪದ ನೆರೆಯ ಆರ್ಯ ಭಾಷೆಯಿಂದ ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಎಳೆಯ ದನಕ್ಕೆ ಹೇಳುವ ಪಡ್ಡೆ ಎಂಬ ಇನ್ನೊಂದು ಪದದ ಸ್ಥಿತಿಯೂ ಇಂಥದ್ದೇ. ಮರಾಠಿಯಲ್ಲಿ ಪಾಡಾ, ಪಾಡೀ ಎಂಬ ಕರುವಿನ ಹೆಸರುಗಳು ಚಾಲ್ತಿಯಲ್ಲಿವೆ. ಯಾರು ಯಾರಿಂದ ಪಡೆದರು ಎಂಬುದು ತೀರ್ಮಾನವಾಗದೆ ಅದನ್ನು ಮೂಲ ದ್ರಾವಿಡದ ಲೆಕ್ಕಕ್ಕೆ ಸೇರಿಸಲಾಗದು.

ಕಿನ್ನಿ ಮತ್ತು ಕೋಳಿಯ ಮರಿ

ತುಳುವಿನಲ್ಲಿ ಕೋಳಿಯ ಮರಿ ಕೋರಿದ ಕಿನ್ನಿ, ಹಂದಿಯ ಮರಿ ಪಂಜಿದ ಕಿನ್ನಿ, ಬೆಕ್ಕಿನ ಮರಿ ಪುಚ್ಚೆದ ಕಿನ್ನಿ. ಕನ್ನಡದಲ್ಲಿ ಮರಿ ಮಾಡುವ ಕೆಲಸವನ್ನು ತುಳುವಿನಲ್ಲಿ ಹೆಚ್ಚಾಗಿ ಕಿನ್ನಿ ಮಾಡುತ್ತದೆ. ಇದು ಮೊದಲಿಗೆ ಪ್ರಾಣಿಯ ಮರಿಯ ಹೆಸರಲ್ಲ. ‘ಸಣ್ಣದು’ ಎಂಬ ಗುಣವಾಚಕ. ತಮಿಳು ತೆಲುಗುಗಳ ಚಿನ್ನ ಇದರ ಸಂಬಂಧಿ. ಇ, ಎ ಸ್ವರಗಳ ಮುಂದೆ ಮೂಲದ ಕಕಾರ ತಮಿಳು ತೆಲುಗುಗಳಲ್ಲಿ ಚಕಾರವಾಗುತ್ತದೆ, ಕನ್ನಡ ತುಳುಗಳಲ್ಲಿ ಕಕಾರವಾಗಿಯೇ ಉಳಿಯುತ್ತದೆ. ಕನ್ನಡದ ಕಿವಿ, ತುಳುವಿನ ಕೆಬಿ, ತಮಿಳಿನ ಚೆವಿ ಇದಕ್ಕೆ ಪರಿಚಿತ ಉದಾಹರಣೆ. ಅಂದರೆ ಕಿನ್ನಿಯ ಧ್ವನಿರೂಪ ಹಳೆಯದು, ಪ್ರಾಣಿಯ ಮರಿ ಎಂಬ ಅರ್ಥ ಮಾತ್ರ ತುಳುವಿನೊಳಗೆ ಬೆಳೆದದ್ದು. ಪದ ಹಳೆಯದಾದ ಮಾತ್ರಕ್ಕೆ ಅದರ ಇಂದಿನ ಅರ್ಥವೂ ಹಳೆಯದೆಂದು ತಿಳಿಯಬಾರದು.

ಕೋಳಿಯ ಹೆಸರು ಮಾತ್ರ ಎಲ್ಲ ಕಡೆ ಗಟ್ಟಿಯಾಗಿದೆ. ತಮಿಳು ಮಲಯಾಳಗಳಲ್ಲಿ ಕೋೞಿ, ಕನ್ನಡದಲ್ಲಿ ಕೋಳಿ, ತುಳುವಿನಲ್ಲಿ ಕೋರಿ, ತೆಲುಗಿನಲ್ಲಿ ಕೋಡಿ. ಕನ್ನಡದ ಬಾಳೆ ತುಳುವಿನಲ್ಲಿ ಬಾರೆ ಆಗುವುದೂ ಇದೇ ನಿಯಮದಿಂದ. ಎರಡರಲ್ಲೂ ಮೂಲದ ಧ್ವನಿ ೞ. ಕ್ರಿ.ಶ. 1260ರ ಸುಮಾರಿಗೆ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರ ಇರುವ ಪದಗಳನ್ನು ಪ್ರತ್ಯೇಕವಾಗಿ ಗುರುತಿಸಿಕೊಟ್ಟದ್ದು ಇಂದಿನ ಹೋಲಿಕೆಗೆ ನೆರವಾಗಿದೆ.

ತಾಯಿಗಳ ಹೆಸರುಗಳು

ಮರಿಗಳ ಹೆಸರಿಗೆ ತಾಯಿಗಳ ಹೆಸರು ಬೆಂಬಲ ಕೊಡುತ್ತದೆ. ತುಳುವಿನಲ್ಲಿ ದನಕ್ಕೆ ಪೆತ್ತ. ತಮಿಳಿನ ಪೆಱ್ಱಂ ಎಂಬ ಹಳೆಯ ಪದ ಇದರ ಜೋಡಿ. ‘ಹೆರು’ ಎಂಬ ಕ್ರಿಯಾಪದದೊಂದಿಗೆ ಇದಕ್ಕೆ ನಂಟಿದೆ. ಕನ್ನಡದ ‘ಹೆತ್ತ’ ಎಂಬ ರೂಪದಲ್ಲೂ ಅದೇ ‘ತ್ತ’ ಇದೆ. ತುಳುವಿನಲ್ಲಿ ಹೆಣ್ಣೆಮ್ಮೆಗೆ ಎರ್ಮೆ. ತಮಿಳಿನ ಎರುಮೈ ಪಕ್ಕದಲ್ಲಿಟ್ಟರೆ, ಕನ್ನಡದ ಎಮ್ಮೆ ತನ್ನ ರಕಾರವನ್ನು ಮಕಾರದಲ್ಲಿ ಕಳೆದುಕೊಂಡದ್ದು ಗೊತ್ತಾಗುತ್ತದೆ. ಈ ಪದದ ಮಟ್ಟಿಗೆ ತುಳು ಕನ್ನಡಕ್ಕಿಂತ ಮೂಲಕ್ಕೆ ಹತ್ತಿರ. ಆಡಿಗೆ ತುಳುವಿನಲ್ಲಿ ಏಡ್, ಹಳೆಯ ತಮಿಳಿನಲ್ಲಿ ಯಾಡು. ಮೂಲದ ‘ಯಾ’ ಕನ್ನಡದಲ್ಲಿ ಆ, ತುಳುವಿನಲ್ಲಿ ಏ ಆಗಿದೆ. ಹಳಗನ್ನಡದ ‘ಆರ್’ ಎಂಬ ಪ್ರಶ್ನೆ ತುಳುವಿನಲ್ಲಿ ‘ಏರ್’ ಆಗುವುದು ಇದೇ ನಿಯಮ. ಕುರುಖ್‌ನಲ್ಲೂ ಹೆಣ್ಣು ಆಡಿಗೆ ಏಡಾ ಎಂಬ ರೂಪವಿರುವುದರಿಂದ *ಯಾಟು ಎಂಬುದು ಕುಟುಂಬದ ಅತ್ಯಂತ ಹಳೆಯ ಹಂತಕ್ಕೆ ಸಲ್ಲುತ್ತದೆ.

ಹಾಲಿಗೆ ತುಳುವಿನಲ್ಲಿ ಪೇರ್. ಕನ್ನಡದ ಕಾಲು ತುಳುವಿನಲ್ಲಿ ಕಾರ್ ಆಗುವಂತೆ ಹಾಲಿನ ಲಕಾರವೂ ರಕಾರವಾಗಿದೆ. ಪಕಾರ ತುಳುವಿನಲ್ಲಿ ಹಾಗೆಯೇ ಉಳಿದಿದೆ. ಕನ್ನಡದಲ್ಲಿ ಸುಮಾರು 10ನೇ ಶತಮಾನದಿಂದ ಅದು ಹಕಾರಕ್ಕೆ ತಿರುಗಿತು. ಪೆರ್ಡೂರು ಎಂಬ ಊರ ಹೆಸರನ್ನು ಈ ಪೇರ್‌ಗೆ ಜೋಡಿಸುವುದು ಸುಲಭ. ‘ದೊಡ್ಡ’ ಎಂಬರ್ಥದ ಪೆರ್‌ಗೆ ಜೋಡಿಸುವುದೂ ಅಷ್ಟೇ ಸುಲಭ. ಎರಡು ವಿವರಣೆಗಳು ಒಂದೇ ಹೆಸರಿಗೆ ಸಲೀಸಾಗಿ ಹೊಂದಿದರೆ ಬರೀ ಹೋಲಿಕೆಯಿಂದ ಯಾವುದೂ ಸಿದ್ಧವಾಗುವುದಿಲ್ಲ. ಹಳೆಯ ಶಾಸನರೂಪಗಳ ಸಾಲು ಬೇಕು.

ಸ್ಲಾವ್ ಭಾಷೆಗಳಲ್ಲಿ ಇದೇ ಕೆಲಸ

ಪೂರ್ವ ಯುರೋಪಿನ ಸ್ಲಾವ್ ಭಾಷೆಗಳ ಮೂಲದಲ್ಲೂ ಮರಿಗಳ ಹೆಸರುಗಳನ್ನು ಹೀಗೆಯೇ ಕಟ್ಟಿದ್ದಾರೆ. ಸ್ಲಾವ್ ಬರಹ ಶುರುವಾದದ್ದು 9ನೇ ಶತಮಾನದಲ್ಲಿ. ಮೂಲ ಸ್ಲಾವ್ ಅದಕ್ಕೂ ಹಿಂದಿನದು. ಅಲ್ಲಿ ಕರು *ತೆಲೆಂ, ಕುರಿಮರಿ *ಅಗ್ನೆಂ, ಹಂದಿಮರಿ *ಪೋರ್ಸೆಂ. ಮೂರರ ಕೊನೆಯಲ್ಲೂ ಅನುನಾಸಿಕ ಸ್ವರವೊಂದಿದೆ. ವಿಭಕ್ತಿ ಮತ್ತು ಬಹುವಚನಗಳಲ್ಲಿ ಅದರ ಮುಂದೆ ತಕಾರ ಕಾಣಿಸಿಕೊಳ್ಳುತ್ತದೆ. ಆ ತಕಾರ ಇಂದಿಗೂ ಜೀವಂತ: ‘ಕರುಗಳು’ ಎನ್ನಲು ರಷ್ಯನ್‌ನಲ್ಲಿ ತೆಲ್ಯಾತಾ, ಪೋಲಿಷ್‌ನಲ್ಲಿ ಚೆಲೆಂತಾ, ಚೆಕ್‌ನಲ್ಲಿ ತೆಲತಾ. ಎಳೆಯ ಪ್ರಾಣಿಗಳಿಗೆಂದೇ ಸ್ಲಾವ್ ಭಾಷೆಗಳು ಒಂದು ಪ್ರತ್ಯಯವನ್ನೂ ಒಂದು ವಿಭಕ್ತಿವರ್ಗವನ್ನೂ ಇಟ್ಟುಕೊಂಡಿದ್ದವು. ದ್ರಾವಿಡದಲ್ಲಿ ಅಂತಹ ಪ್ರತ್ಯಯವಿಲ್ಲ. ಪ್ರಾಣಿಗೆ ತಕ್ಕಂತೆ ಬೇರೆ ಬೇರೆ ಪದಗಳು, ಅಥವಾ ತಾಯಿಯ ಹೆಸರಿನ ಜೊತೆ ಮರಿ, ಕಿನ್ನಿಗಳ ಜೋಡಣೆ, ಇವೇ ಇಲ್ಲಿಯ ದಾರಿ. *ಪೋರ್ಸೆಂ ಲ್ಯಾಟಿನ್ನಿನ ಪೋರ್ಕುಸ್ ಪದದ ನಂಟ, *ಅಗ್ನೆಂ ಅಗ್ನುಸ್ ಪದದ ನಂಟ. ಹೀಗಾಗಿ ಸ್ಲಾವ್ ಪುನರ್ರಚನೆಯನ್ನು ಹೊರಗಿನ ಶಾಖೆಗಳಿಂದ ಪರೀಕ್ಷಿಸಬಹುದು. ದ್ರಾವಿಡಕ್ಕೆ ಇಂಥ ಹೊರಗಿನ ನಂಟರು ಖಚಿತವಾಗಿ ಸಿಕ್ಕಿಲ್ಲ. ಪರೀಕ್ಷೆಯೆಲ್ಲ ಕುಟುಂಬದ ಒಳಗೇ ನಡೆಯಬೇಕು. ತುಳು, ಕೋತ, ತೋಡ, ಕುರುಖ್‌ಗಳಂಥ ಭಾಷೆಗಳ ಸಾಕ್ಷ್ಯಕ್ಕೆ ಹೆಚ್ಚು ಬೆಲೆ ಬರುವುದು ಇದರಿಂದಲೇ.

ಪದಗಳಿಂದ ಕಾಲಕ್ಕೆ

ಪುನರ್ರಚಿತ ಪದಕ್ಕೆ ತಾರೀಖು ಅಂಟಿಕೊಂಡಿರುವುದಿಲ್ಲ. 2018ರಲ್ಲಿ ವಿಷ್ಣುಪ್ರಿಯಾ ಕೊಲಿಪಾಕಂ ಮತ್ತು ಸಂಗಡಿಗರು 20 ದ್ರಾವಿಡ ಭಾಷೆಗಳ ಮೂಲ ಪದಗಳನ್ನು ಸಂಖ್ಯಾಶಾಸ್ತ್ರೀಯ ವಿಧಾನದಿಂದ ಪರಿಶೀಲಿಸಿ, ಕುಟುಂಬ ಸುಮಾರು 4,500 ವರ್ಷಗಳಷ್ಟು ಹಳೆಯದೆಂದು ಅಂದಾಜಿಸಿದರು. ಪುರಾತತ್ತ್ವದ ಕಡೆಯಿಂದ ಬಳ್ಳಾರಿ ಬಳಿಯ ಕುಡತಿನಿ, ಕಲ್ಯಾಣ ಕರ್ನಾಟಕದ ಬೂದಿಹಾಳ, ತೆಲಂಗಾಣದ ಉಟ್ನೂರುಗಳ ಬೂದಿದಿಬ್ಬಗಳು ನವಶಿಲಾಯುಗದ ದನಸಾಕಣೆಗೆ ಸಾಕ್ಷಿ. ಸೆಗಣಿ ರಾಶಿಗಳು ಮತ್ತೆ ಮತ್ತೆ ಉರಿದು ಈ ದಿಬ್ಬಗಳಾದವು. ಉಟ್ನೂರಿನ ಉತ್ಖನನದಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ದೊಡ್ಡಿಗಳ ಕಂಬಗುಳಿಗಳನ್ನೂ ಗೊರಸಿನ ಗುರುತುಗಳನ್ನೂ ಕಂಡರು. ಎರಡು ಕಾಲಗಣನೆಗಳು ಹತ್ತಿರ ಬರುತ್ತವೆ ಎಂಬುದು ನಿಜ. ಆದರೆ ಆ ದೊಡ್ಡಿಗಳವರು ಆಡಿದ್ದು ದ್ರಾವಿಡ ಭಾಷೆಯನ್ನೇ ಎಂದು ಬೂದಿ ಹೇಳುವುದಿಲ್ಲ.

ಪದಗಳು ಹೇಳುವುದೂ ಒಂದು ಮಿತಿಯೊಳಗೆ. ಪದವೊಂದು ಮೂಲಕ್ಕೆ ಸಂದರೆ ಅದನ್ನಾಡಿದವರಿಗೆ ಆ ಪ್ರಾಣಿ ಗೊತ್ತಿತ್ತು ಎನ್ನಬಹುದು. ಅದು ಕಾಡಿನದೋ ಸಾಕಿದ್ದೋ ಎಂಬುದು ಒಂದು ಪದದಿಂದ ತಿಳಿಯುವುದಿಲ್ಲ. ಹಂದಿಯ ಹೆಸರು ಗಟ್ಟಿಯಾಗಿದ್ದರೂ ಹಂದಿ ಸಾಕಣೆ ಅದರಿಂದ ಸಿದ್ಧವಾಗದು. ಕರು, ಕಡಸು ಎಂಬ ಪ್ರಾಯಭೇದ ಮಾತ್ರ ಹೆಚ್ಚು ಮಾತಾಡುತ್ತದೆ. ಇನ್ನೂ ಕರು ಹಾಕದ ದನವನ್ನು ಬೇರೆ ಹೆಸರಿನಿಂದ ಗುರುತಿಸುವ ಅಗತ್ಯ ಬೇಟೆಗಾರನಿಗಿಂತ ಹಾಲು ಕರೆಯುವವರಿಗೆ ಹೆಚ್ಚು.

ಈ ಪದಗಳನ್ನು ಸಾಕ್ಷ್ಯದ ಬಲಕ್ಕೆ ತಕ್ಕಂತೆ ಸಾಲಾಗಿ ಇಡಬಹುದು. *ಯಾಟು ದಕ್ಷಿಣದಿಂದ ಉತ್ತರದವರೆಗೆ ನಿಲ್ಲುವ ಪದ. *ಮಱಿ ಗೊಂಡಿಯವರೆಗೆ ಸಲ್ಲುತ್ತದೆ, ಆದರೆ ಅದರ ಮೂಲ ಅರ್ಥ ಪ್ರಾಣಿಯ ಮರಿಯೋ ಮಗನೋ ಎಂಬುದು ತೆರೆದ ಪ್ರಶ್ನೆ. *ಕನ್ಱು ರೂಪದಲ್ಲಿ ಅತ್ಯಂತ ಖಚಿತ. ಕರು ಎಂಬ ಅರ್ಥದಲ್ಲಿ ಅದರ ಸಾಕ್ಷ್ಯ ದಕ್ಷಿಣ ಶಾಖೆಯಲ್ಲೇ ದಟ್ಟವಾಗಿದೆ. ಕಡಸಿನ ಗುಂಪು ದಕ್ಷಿಣದಲ್ಲಿ ಖಚಿತ, ಉತ್ತರದಲ್ಲಿ ಅನುಮಾನಾಸ್ಪದ. ಕಿನ್ನಿ ಹಳೆಯ ಪದ, ಹೊಸ ಅರ್ಥ. ಪಡ್ಡೆಯನ್ನು ಸದ್ಯಕ್ಕೆ ಹೊರಗಿಡಬೇಕು.